ಮಾಸ್ಟ್ರ ಉದ್ದ ಉಸಿರು

ಅವರ ಕ್ಲಾರಿನೆಟ್ಟಿನ ಪೆಟ್ಟಿಗೆಯ ಒಳಗೆ ಕೆಂಪು ಮಖಮಲ್ಲು ಹಾಸಿತ್ತು ಎಂದು ನಾನು ಎಷ್ಟೋ ವರ್ಷಗಳಿಂದ ಹೇಳಿಕೊಂಡು ಬಂದಿದ್ದೆ. ಮೊನ್ನೆ ಕಾಪುವಿನಲ್ಲಿ ಅವರ ತಮ್ಮನ ಮಗ ಅದನ್ನು ನನ್ನೆದುರು ತೆರೆದಾಗ ಒಳಗಿದ್ದದ್ದು ನೀಲಿ. ಈಚೆಗೆ ಬದಲಿಸಿದ್ದೋ ಎಂದು ಕೇಳಿದೆ. “ಇಲ್ಲ ಅಕ್ಕ, ನಾನು ಸಣ್ಣದಿರುವಾಗಿನಿಂದ ಹೀಗೇ ಉಂಟು” ಎಂದ. ಹಾಗಾಗಿ ಮುಂದೆ ನಾನು ಬರೆಯುವುದರಲ್ಲಿ ಇಂಥ ಕೆಂಪುಗಳು ಇನ್ನೂ ಇರಬಹುದು. ಉಡುಪಿಯ ಕಾಲೇಜೊಂದರಲ್ಲಿ ಇತಿಹಾಸ ಕಲಿಸಿ ನಿವೃತ್ತಳಾದವಳು ನಾನು. ಕಣ್ಣಾರೆ ಕಂಡವರ ಮಾತನ್ನೂ ಪರೀಕ್ಷಿಸದೆ ಒಪ್ಪಬೇಡಿ ಎಂದು ತರಗತಿಯಲ್ಲಿ ಹೇಳುತ್ತಿದ್ದೆ. ಆ ಮಾತು ನನ್ನ ಕಡೆಗೇ ತಿರುಗಿದಾಗ ಅಷ್ಟೇನೂ ಹಿತವಾಗಿರುವುದಿಲ್ಲ.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಊರಿನಲ್ಲಿ ಎಲ್ಲರಿಗೂ ಅವರು ಮಾಸ್ಟ್ರು. ಓಲಗದ ಸೆಟ್ಟಿನಲ್ಲಿ ಮುಂದೆ ನಿಂತು ನುಡಿಸುವವರನ್ನು ನಮ್ಮಲ್ಲಿ ಹಾಗೆ ಕರೆಯುವುದು. ಮದುವೆಗೂ ದೇವಸ್ಥಾನಕ್ಕೂ ಸ್ಯಾಕ್ಸೋಫೋನ್ ನುಡಿಸುವವರು ಕಾಪು, ಕಟಪಾಡಿ, ಕಾರ್ಕಳದ ಕಡೆ ಬೇಕಾದಷ್ಟು ಜನ ಇದ್ದಾರೆ. ಹೊರಗಿನವರಿಗೆ ಅದು ಆಶ್ಚರ್ಯ, ನಮಗಲ್ಲ. ಮಾಸ್ಟ್ರು ಆ ಕೆಲಸದಿಂದ ಹೊರಟು, ಬೊಂಬಾಯಿಯನ್ನು ಹಾದು, ಜರ್ಮನಿಗೆ ಹೋಗಿ, ಜಾಝ್ ಸಂಗೀತದಲ್ಲೇ ತೀರಾ ವಿಚಿತ್ರವಾದ ಒಂದು ಬಗೆಯನ್ನು ನುಡಿಸಿ ಹೆಸರಾದರು. ಅದರಲ್ಲಿ ರಾಗ ಸಿಕ್ಕಿತು ಅನ್ನುವಾಗ ತಪ್ಪಿಹೋಗುತ್ತದೆ. ಕೀರಲು, ಗುಟುರು, ಬರೀ ಗಾಳಿ, ವಾದ್ಯದ ಕೀಲಿಗಳ ಟಕಟಕ, ಎಲ್ಲವೂ ಸಂಗೀತದ ಲೆಕ್ಕಕ್ಕೇ ಸೇರುತ್ತವೆ. ಅಲ್ಲಿಯವರು ಅದನ್ನು ಕಣ್ಣು ಮುಚ್ಚಿ ಕೇಳುತ್ತಿದ್ದರಂತೆ. ‘ಅಂತೆ’ ಎಂದೇ ಹೇಳಬೇಕು, ಏಕೆಂದರೆ ಅದನ್ನೆಲ್ಲ ನಮಗೆ ಹೇಳಿದವರು ಅವರೇ.

ಈ ಮಳೆಗಾಲಕ್ಕೆ ಸ್ವಲ್ಪ ಮೊದಲು ಅವರು ತೀರಿಕೊಂಡರು. ಅವರ ಮೊದಲ ರೆಕಾರ್ಡನ್ನು ಜರ್ಮನಿಯ ಸಣ್ಣ ಕಂಪೆನಿಯೊಂದು ಈಗ ಮತ್ತೆ ಹೊರತರುತ್ತಿದೆ. ಅದರ ಜೊತೆಯಲ್ಲಿ ಹಾಕುವುದಕ್ಕೆ ಊರಿನಲ್ಲಿ ಅವರನ್ನು ಬಲ್ಲವರು ಯಾರಾದರೂ ನಾಲ್ಕು ಮಾತು ಬರೆದುಕೊಡಬೇಕೆಂದು ಕೇಳಿದ್ದಾರೆ. ತಮ್ಮನ ಮಗ ನನ್ನನ್ನು ಕರೆಸಿದ್ದು ಅದಕ್ಕೆ.

“ನಿಮ್ಮಪ್ಪ ಅವರ ಸೆಟ್ಟಿನಲ್ಲಿದ್ದವರಲ್ವಾ ಅಕ್ಕ. ನಿಮಗೆ ಗೊತ್ತಿದ್ದಷ್ಟು ನಮಗೂ ಗೊತ್ತಿಲ್ಲ. ಮತ್ತೆ ನುಡಿಸಿದವರ ಹೆಸರಿನಲ್ಲಿ ಎಂತಾದರೂ ತಪ್ಪಿದ್ದರೆ ಈಗಲೇ ಹೇಳಬೇಕಂತೆ. ಪ್ರಿಂಟಾದ ಮೇಲೆ ಆಗುವುದಿಲ್ಲವಂತೆ.”

ಅವನು ಅದನ್ನು ಬೇರೆ ಅರ್ಥವಿಟ್ಟು ಹೇಳಿದ್ದಲ್ಲ. ಆದರೆ ನಾನು ಪೆಟ್ಟಿಗೆಯ ನೀಲಿಯನ್ನು ನೋಡುತ್ತ ಕುಳಿತುಬಿಟ್ಟೆ. ಆ ರೆಕಾರ್ಡಿನ ಎರಡನೆಯ ಬದಿಯಲ್ಲಿ ಒಂದೇ ಒಂದು ಕ್ಲಾರಿನೆಟ್ ಕಡಿಯದೆ ನುಡಿಯುತ್ತದೆ. ಅದು ಪೂರ್ತಿ ಅವರದ್ದಲ್ಲ, ಅರ್ಧ ನನ್ನ ಅಪ್ಪನದ್ದು ಎಂಬ ಅನುಮಾನ ನನಗೆ ಬಹಳ ಕಾಲದಿಂದ ಇದೆ.

ಅನುಮಾನ ಯಾಕೆ ಬಂತು ಎನ್ನುವುದಕ್ಕೆ ನಮ್ಮ ದೇವಸ್ಥಾನದ ಬಲಿಯ ಓಲಗ ಹೇಗೆ ನಡೆಯುತ್ತದೆ ಎಂದು ಹೇಳಬೇಕು. ಉತ್ಸವ ಬಲಿಯ ದಿನ ಭಟ್ಟರು ದೇವರ ಮೂರ್ತಿಯನ್ನು ತಲೆಯ ಮೇಲೆ ಹೊತ್ತು ಅಂಗಳದಲ್ಲಿ ಸುತ್ತು ಬರುತ್ತಾರೆ. ಒಂದು ಸುತ್ತು ಮುಗಿಯುವವರೆಗೆ ಸ್ವರ ಕಡಿಯಬಾರದು. ಮನುಷ್ಯರ ಎದೆಯಲ್ಲಿ ಅಷ್ಟು ಗಾಳಿ ಇರುವುದಿಲ್ಲ. ಅದಕ್ಕೆ ಇಬ್ಬರು ಬೇಕು. ಒಬ್ಬರ ಉಸಿರು ಮುಗಿಯುವ ಮೊದಲೇ ಇನ್ನೊಬ್ಬರು ಅದೇ ಸ್ವರವನ್ನು ಹಿಡಿಯುತ್ತಾರೆ, ಮೊದಲಿನವರು ಮೆಲ್ಲಗೆ ಬಿಟ್ಟು ಉಸಿರು ತುಂಬಿಕೊಳ್ಳುತ್ತಾರೆ, ಮತ್ತೆ ಹಿಡಿಯುತ್ತಾರೆ. ಇದಕ್ಕೆ ಅವರು ಉಸಿರು ಕೊಡುವುದು ಎನ್ನುತ್ತಿದ್ದರು. ಸರಿಯಾಗಿ ಕೊಟ್ಟರೆ ಎಲ್ಲಿ ಒಬ್ಬರು ಬಿಟ್ಟರು, ಎಲ್ಲಿ ಇನ್ನೊಬ್ಬರು ಹಿಡಿದರು ಎಂದು ಪಕ್ಕದಲ್ಲಿ ನಿಂತವರಿಗೂ ತಿಳಿಯಬಾರದು. ಮುಂದಿನವರು ಮಾಸ್ಟ್ರು. ಉಸಿರು ಕೊಡುವವರಿಗೆ ಹೆಸರಿಲ್ಲ. ಮೈಕಿನಲ್ಲಿ ಹೇಳುವಾಗ ಮಾಸ್ಟ್ರ ಹೆಸರು ಹೇಳಿ ‘ಮತ್ತು ಬಳಗ’ ಎಂದರೆ ಆಯಿತು. ಅದರಲ್ಲಿ ಯಾರಿಗೂ ಬೇಸರವೂ ಇರಲಿಲ್ಲ. ಇರಲಿಲ್ಲ ಎಂದು ನಾನು ತಿಳಿದುಕೊಂಡಿದ್ದೇನೆ.

ಆ ಬಳಗವೇ ನನ್ನ ಅಪ್ಪ. ಮಾಸ್ಟ್ರು ಸ್ಯಾಕ್ಸೋಫೋನ್, ಕ್ಲಾರಿನೆಟ್ ಎರಡನ್ನೂ ನುಡಿಸುತ್ತಿದ್ದರು. ಅಪ್ಪನಿಗೆ ಕ್ಲಾರಿನೆಟ್ ಮಾತ್ರ. ಬಲಿಗೆ ಇಬ್ಬರೂ ಕ್ಲಾರಿನೆಟ್ಟೇ ಹಿಡಿಯುತ್ತಿದ್ದರು. ಡೋಲು ನನ್ನ ಸೋದರಮಾವನದ್ದು. ಅಪ್ಪನಲ್ಲಿ ಒಂದು ಕೊರತೆ ಇತ್ತು. ಉಸಿರು ಕೊಡುವಾಗ ನೇರವಾಗಿ ಸ್ವರದ ಮೇಲೆ ಬಂದು ನಿಲ್ಲುತ್ತಿರಲಿಲ್ಲ. ಕೂದಲೆಳೆಯಷ್ಟು ಕೆಳಗಿನಿಂದ ಬಂದು ಮೇಲಕ್ಕೆ ಏರುತ್ತಿದ್ದರು. ಕಟಪಾಡಿಯ ನಮ್ಮ ಮನೆಯ ಬಾಗಿಲು ಗಿಡ್ಡ, ಅಪ್ಪ ಎತ್ತರದ ಆಳು. ಮಾವ ಅಮ್ಮನ ಎದುರು ತಮಾಷೆ ಮಾಡುತ್ತಿದ್ದರು: “ಭಾವ ಸ್ವರಕ್ಕೆ ಬರುವುದೂ ಮನೆಗೆ ಬಂದ ಹಾಗೇ. ತಲೆ ತಗ್ಗಿಸಿ ಒಳಗೆ ಬಂದು, ಆಮೇಲೆ ನೆಟ್ಟಗೆ ನಿಲ್ಲುವುದು.”

ಈ ತಗ್ಗನ್ನು ನಾನು ಚಿಕ್ಕಂದಿನಲ್ಲಿ ಕಿವಿಯಾರೆ ಕೇಳಿದ್ದೇನೋ, ಮಾವ ಹೇಳಿದ ಮೇಲೆ ಕೇಳಿದ ಹಾಗೆ ಆಗಿದೆಯೋ, ಇವತ್ತು ಬೇರ್ಪಡಿಸಲಾರೆ.

ನಾನು ಹೈಸ್ಕೂಲಿಗೆ ಹೋಗುತ್ತಿದ್ದ ಕಾಲದಲ್ಲಿ ಮಾಸ್ಟ್ರು, ಅಪ್ಪ, ಮಾವ ಮೂವರೂ ಬೊಂಬಾಯಿಗೆ ಹೋದರು. ಅಲ್ಲಿ ಯಾರೋ ಪರದೇಶದವರು ಮಾಸ್ಟ್ರು ನುಡಿಸುವುದನ್ನು ಕೇಳಿ ರೆಕಾರ್ಡು ಮಾಡುತ್ತಾರೆ ಎಂದು ಅಮ್ಮ ಗುಟ್ಟಾಗಿ ಹೇಳಿದ್ದು ನೆನಪು. ಅಪ್ಪ ಹಿಂದೆ ಬರುವಾಗ ನಮಗೆ ಹಲ್ವ ತಂದಿದ್ದರು. ಆಮೇಲೆ ಅವರು ಕ್ಲಾರಿನೆಟ್ ಮುಟ್ಟಲಿಲ್ಲ. ಕಟಪಾಡಿ ಜಂಕ್ಷನ್ನಿನಲ್ಲಿ, ಬಸ್ಸು ನಿಲ್ಲುವಲ್ಲಿ, ಸೋಡಾ ಅಂಗಡಿ ಇಟ್ಟರು. ಮಾಸ್ಟ್ರು ಊರಿಗೆ ಬರಲೇ ಇಲ್ಲ. ಆ ಪರದೇಶದವರ ಜೊತೆ ಹೊರಟುಹೋದರು. ಯಾಕೆ ನುಡಿಸುವುದು ಬಿಟ್ಟಿರಿ ಎಂದು ಯಾರಾದರೂ ಕೇಳಿದರೆ ಅಪ್ಪ ಮೇಲಿನ ತುಟಿಯನ್ನು ಬೆರಳಿನಿಂದ ತೋರಿಸುತ್ತಿದ್ದರು. “ಎದುರಿನ ಹಲ್ಲು ಹೋಯಿತಲ್ಲ, ಹಿಡಿತ ನಿಲ್ಲುವುದಿಲ್ಲ.” ಕ್ಲಾರಿನೆಟ್ಟಿಗೆ ಎದುರಿನ ಹಲ್ಲು ಬೇಕು, ಅದು ನಿಜ. ಆದರೆ ಹಲ್ಲು ಹೋದದ್ದು ನುಡಿಸುವುದು ಬಿಡುವ ಮೊದಲೋ ಬಿಟ್ಟ ಮೇಲೋ? ತಂಗಿಯ ಬಳಿ ಆ ಕಾಲದ ಒಂದೇ ಒಂದು ಫೋಟೋ ಇದೆ. ಅದರಲ್ಲಿ ಅಪ್ಪ ನಗುತ್ತಿದ್ದಾರೆ, ಬಾಯಿ ಮುಚ್ಚಿಕೊಂಡು.

ಅಪ್ಪ ತೀರಿಕೊಂಡಾಗ ನಾನು ಎಂ.ಎ. ಓದುತ್ತಿದ್ದೆ. ಮಾಸ್ಟ್ರು ಅದಾಗಿ ಹತ್ತಾರು ವರ್ಷಗಳ ಮೇಲೆ ಊರಿಗೆ ಮರಳಿದರು, ಕಾಪುವಿನಲ್ಲಿ ತಮ್ಮನ ಮನೆಗೆ. ಜೊತೆಗೆ ಯಾರೂ ಇರಲಿಲ್ಲ. ಅಲ್ಲೊಬ್ಬಳು ಹೆಂಡತಿ ಇದ್ದಾಳಂತೆ, ಇಲ್ಲವಂತೆ, ಇದ್ದು ಬಿಟ್ಟಳಂತೆ ಎಂದು ಜನ ಮಾತಾಡಿಕೊಂಡರು. ಅವರು ಯಾವುದನ್ನೂ ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಅವರ ಉತ್ತರ ಯಾವಾಗಲೂ ಒಂದೇ: “ನಿಮಗೆ ಯಾವುದು ಚಂದ ಕಾಣುತ್ತದೆ, ಅದನ್ನೇ ಇಟ್ಟುಕೊಳ್ಳಿ.”

ಬೆಳಿಗ್ಗೆ ಅವರು ಅಭ್ಯಾಸ ಮಾಡುವುದನ್ನು ನಾನು ನೋಡಿದ್ದೇನೆ. ಬಟ್ಟೆಯ ಕಪಾಟಿನ ಬಾಗಿಲು ತೆರೆದು, ನೇತುಹಾಕಿದ ಅಂಗಿಗಳ ನಡುವೆ ಸ್ಯಾಕ್ಸೋಫೋನಿನ ಬಾಯಿಯನ್ನು ತೂರಿಸಿ, ನೆರೆಮನೆಗೆ ಕೇಳದ ಹಾಗೆ ನುಡಿಸುತ್ತಿದ್ದರು. ಕಡಲ ಗಾಳಿಗೆ ಕೀಲಿಗಳು ಹಿಡಿದುಕೊಳ್ಳುತ್ತವೆ ಎಂದು ಹೊಲಿಗೆ ಮಿಷನ್ನಿನ ಎಣ್ಣೆ ಹಾಕುತ್ತಿದ್ದರು. ಅವರ ಅಂಗಿಗಳಿಗೆಲ್ಲ ಆ ಎಣ್ಣೆಯ ವಾಸನೆ. ಊದುವ ತುದಿಗೆ ಕಟ್ಟುವ ರೀಡಿನ ಪಟ್ಟಿಗಳನ್ನು ಹಳೆಯ ಸುಣ್ಣದ ಡಬ್ಬಿಯಲ್ಲಿ ಇಟ್ಟಿದ್ದರು. ಆ ಡಬ್ಬಿ ನಮ್ಮ ಅಪ್ಪನದ್ದರ ಹಾಗೇ ಇದೆ ಎಂದು ನನಗೊಮ್ಮೆ ಅನ್ನಿಸಿತು. ಆಮೇಲೆ ನನ್ನ ಮೇಲೇ ನಗು ಬಂತು. ಆ ಕಾಲದ ಸುಣ್ಣದ ಡಬ್ಬಿಗಳು ಎಲ್ಲವೂ ಹಾಗೇ. ಅನುಮಾನ ಒಮ್ಮೆ ಮನೆ ಸೇರಿದರೆ ಪಾತ್ರೆ ಪಗಡವೆಲ್ಲ ಸಾಕ್ಷಿ ಹೇಳಲು ಏಳುತ್ತವೆ.

ಕಟಪಾಡಿಯ ಒಂದು ಮದುವೆಗೆ ಅವರನ್ನು ಗೌರವದಿಂದ ಕರೆದರು. ಜರ್ಮನಿಯಲ್ಲಿ ಇದ್ದು ಬಂದವರು, ಒಂದು ನುಡಿಸಲಿ ಎಂದು. ಮಾಸ್ಟ್ರು ಎದ್ದು, ಸ್ವಲ್ಪ ಹೊತ್ತು ನಮಗೆಲ್ಲ ಗೊತ್ತಿರುವ ಮಂಗಳದ ಹಾಗೆ ನುಡಿಸಿ, ಅಲ್ಲಿಂದ ಮೆಲ್ಲಗೆ ಇಳಿದು ಕೀರಲು ಶುರುಮಾಡಿದರು. ಊಟದ ಪಂಕ್ತಿಯಿಂದ ಜನ ಕೈ ತೊಳೆಯದೆ ಇಣುಕಿ ನೋಡಿದರು. ಮದುಮಗಳ ಅಪ್ಪ ಓಡಿ ಬಂದರು.

“ಎಂತ ಆಯಿತು ಮಾಸ್ಟ್ರೇ? ರೀಡ್ ಒಡೆಯಿತಾ?”

“ಇಲ್ಲ ಇಲ್ಲ. ಈಗ ಸರಿಯಾದದ್ದು.”

“ಅಲ್ಲ ಮಾರಾಯ್ರೆ, ಮೊದಲೇ ಸರಿ ಇತ್ತಲ್ಲ!”

ಮಾಸ್ಟ್ರಿಗೆ ಬೇಸರವಾಗಲಿಲ್ಲ. ಬಸ್ಸಿನಲ್ಲಿ ಕಾಪುವಿಗೆ ಹೋಗುವಾಗ ಆ ಮಾತನ್ನೇ ಹೇಳಿಕೊಂಡು ನಕ್ಕರಂತೆ. ನಗುವುದು ಅವರಿಗೆ ಗೊತ್ತಿತ್ತು. ನನಗೆ ಅವರ ಮೇಲೆ ಪ್ರೀತಿಯೂ ಇತ್ತು, ಅದನ್ನು ಬಚ್ಚಿಟ್ಟು ಬರೆದರೆ ಸುಳ್ಳಾಗುತ್ತದೆ.

ಅವರ ಜೊತೆ ನಾನೊಮ್ಮೆ ಮಲ್ಪೆಗೆ ಹೋಗಿದ್ದೆ. ನಸುಕಿನಲ್ಲಿ ಬೋಟುಗಳು ಬಂದು ಮೀನು ಹರಾಜಾಗುವ ಹೊತ್ತು. ಬೇರೆಯವರು ಮೂಗು ಮುಚ್ಚಿಕೊಳ್ಳುವಲ್ಲಿ ಅವರು ಕಣ್ಣು ಮುಚ್ಚಿಕೊಂಡು ನಿಂತಿದ್ದರು. ಏಲಂ ಕೂಗುವವನ ಗಂಟಲು, ಮಂಜುಗಡ್ಡೆ ಪುಡಿಮಾಡುವ ಮಿಷನ್ನು, ಲಾರಿಯ ಹಿಂದಿನ ಬಾಗಿಲು, ಎಲ್ಲವನ್ನೂ ಬೆರಳಿನಲ್ಲೇ ಹಿಡಿಯುವ ಹಾಗೆ ಗಾಳಿಯಲ್ಲಿ ಕೀಲಿ ಒತ್ತುತ್ತಿದ್ದರು. ಬುಟ್ಟಿಯ ಮುಂದೆ ಕುಳಿತ ಹೆಂಗಸೊಬ್ಬಳು ಬಿಡಲಿಲ್ಲ.

“ಈ ಮಾಸ್ಟ್ರು ಬಂಗುಡೆಯ ರೇಟು ಕೇಳಿ ಹೋಗುವುದು ಮಾತ್ರ. ಬಂಗುಡೆ ಮುಟ್ಟುವುದಿಲ್ಲ.”

“ನಾನು ಬಂದದ್ದು ನಿನ್ನ ಸ್ವರಕ್ಕೆ ಮಾರಾಯ್ತಿ. ಬಂಗುಡೆ ಕಾಪುವಿನಲ್ಲೂ ಸಿಗುತ್ತದೆ.”

“ಹಾಗಾದರೆ ಸ್ವರಕ್ಕೂ ರೇಟು ಹೇಳುತ್ತೇನೆ. ಕಿಲೋ ಲೆಕ್ಕದಲ್ಲಿ ಕಟ್ಟಿ ಕೊಡಲಾ?”

ಸುತ್ತ ಇದ್ದವರೆಲ್ಲ ನಕ್ಕರು, ಮಾಸ್ಟ್ರೂ ನಕ್ಕರು. ಹಿಂದೆ ಬರುವಾಗ ನನಗೆ ಹೇಳಿದರು: “ಅಲ್ಲಿ ನಾನು ನುಡಿಸಿದ್ದು ಇದನ್ನೇ. ಅವರಿಗೆ ಹೊಸತು ಅನ್ನಿಸಿತು. ನಾನು ಕೇಳಿದ್ದೆಲ್ಲ ನನ್ನದೇ, ನೋಡು.” ಆಗ ಅದು ಚಂದದ ಮಾತಾಗಿ ಕೇಳಿತು. ಆಮೇಲೆ ಅದನ್ನೇ ಮತ್ತೆ ಮತ್ತೆ ತಿರುಗಿಸಿ ನೋಡಿದ್ದೇನೆ. ಕೇಳಿದ್ದೆಲ್ಲ ತನ್ನದು ಎನ್ನುವವರು, ಪಕ್ಕದಲ್ಲಿ ನಿಂತು ಉಸಿರು ಕೊಟ್ಟವನದ್ದನ್ನು ಯಾರದ್ದು ಎನ್ನುತ್ತಾರೆ?

ಅಮ್ಮ ಇರುವವರೆಗೆ ಅವರು ಆಗಾಗ ಕಟಪಾಡಿಯ ಮನೆಗೆ ಬರುತ್ತಿದ್ದರು. ಅಮ್ಮ ಚಾ ಕೊಡುತ್ತಿದ್ದರು, ಎದುರು ಕುಳಿತುಕೊಳ್ಳುತ್ತಿರಲಿಲ್ಲ. ಒಮ್ಮೆ ಅಡುಗೆಮನೆಯಲ್ಲಿ ನಾನು ಚಾಕ್ಕೆ ಸಕ್ಕರೆ ಹಾಕುತ್ತಿದ್ದಾಗ ಮೆಲ್ಲಗೆ ಹೇಳಿದರು: “ಅವರಿಗೆ ಅಷ್ಟು ಬೇಡ. ಮಾತಿನಲ್ಲೇ ಉಂಟು.” ಯಾಕೆ ಹಾಗೆ ಹೇಳಿದಿರಿ ಎಂದರೆ, “ಎಂತ ಇಲ್ಲ, ತಮಾಷೆಗೆ” ಎಂದರು. ನನ್ನ ಅಮ್ಮ ತಮಾಷೆ ಮಾಡುವವರೇ ಅಲ್ಲ.

ಮಾಸ್ಟ್ರು ಪ್ರತಿ ಸಲ ಹೋಗುವ ಮೊದಲು ಚಪ್ಪಲಿ ಹಾಕಿಕೊಳ್ಳುತ್ತ, ಬೇರೇನೋ ಮಾತಿನ ನಡುವೆ ಎಂಬಂತೆ ಕೇಳುತ್ತಿದ್ದರು: “ನಿನ್ನಪ್ಪ ಬೊಂಬಾಯಿಯ ವಿಷಯ ಎಂತಾದರೂ ಹೇಳುತ್ತಿದ್ದರಾ?” ಹಲ್ವ ತಂದದ್ದು ಮಾತ್ರ ಗೊತ್ತು ಎಂದರೆ ತಲೆ ಆಡಿಸಿ ಹೊರಡುತ್ತಿದ್ದರು. ನೆಮ್ಮದಿಯೋ ನಿರಾಸೆಯೋ, ನನಗೆ ಆ ಮುಖ ಓದಲು ಆಗುತ್ತಿರಲಿಲ್ಲ.

ಅಮ್ಮ ಹೋದ ಮೇಲೆ, ಮಣಿಪಾಲದಲ್ಲಿ ಓದುತ್ತಿದ್ದ ತಂಗಿಯ ಮಗಳು ಒಂದು ದಿನ ಫೋನಿಗೆ ಅದನ್ನು ಕಳುಹಿಸಿದಳು. “ದೊಡ್ಡಮ್ಮ, ನಿಮ್ಮ ಕಾಪುವಿನ ಮಾಸ್ಟ್ರ ರೆಕಾರ್ಡು ಇಂಟರ್ನೆಟ್ಟಿನಲ್ಲಿ ಉಂಟು! ಇವರ ಉಸಿರಿನ ಬಗ್ಗೆ ಎಲ್ಲರೂ ಬರೆದದ್ದೇ ಬರೆದದ್ದು.” ರೆಕಾರ್ಡಿನ ಹೊದಿಕೆಯ ಚಿತ್ರವೂ ಇತ್ತು. ತಂತಿವಾದ್ಯದ ಒಬ್ಬ ಪರದೇಶದವನ ಹೆಸರು, ಡ್ರಮ್ಮಿನ ಇನ್ನೊಬ್ಬನ ಹೆಸರು, ಸ್ಯಾಕ್ಸೋಫೋನ್ ಮತ್ತು ಕ್ಲಾರಿನೆಟ್ ಎರಡಕ್ಕೂ ಮಾಸ್ಟ್ರ ಹೆಸರು. ಮತ್ತು ಬಳಗ ಎಂದು ಕೂಡ ಇರಲಿಲ್ಲ.

ಎರಡನೆಯ ಬದಿ ಹಾಕಿದೆ. ಡ್ರಮ್ಮು, ತಂತಿ ಎಲ್ಲ ನಿಂತು ಕ್ಲಾರಿನೆಟ್ ಒಂದೇ ಉಳಿಯುತ್ತದೆ. ಸ್ವರ ಮುಂದಕ್ಕೆ ಹೋಗುತ್ತದೆ, ಹೋಗುತ್ತಲೇ ಇರುತ್ತದೆ. ಕೇಳುವವರು ತಮಗೆ ಗೊತ್ತಿಲ್ಲದ ಹಾಗೆ ಉಸಿರು ಹಿಡಿದು, ಸೋತು, ಬಿಡುತ್ತಾರೆ; ಅದು ಬಿಡುವುದಿಲ್ಲ. ಇಷ್ಟು ದೊಡ್ಡ ಎದೆ ಯಾವ ಮನುಷ್ಯನಿಗೆ ಎಂದು ಪರದೇಶದವರು ಬೆರಗಾದದ್ದು ಸಹಜ. ನಾನು ಬೆರಗಾಗಲಿಲ್ಲ. ನನಗೆ ಬಲಿಯ ಅಂಗಳ ಕಂಡಿತು. ಆಮೇಲೆ, ಒಂದು ಕಡೆ, ಸ್ವರ ಕೂದಲೆಳೆಯಷ್ಟು ತಗ್ಗಿ ಮೇಲಕ್ಕೆ ಬಂದು ನಿಂತಿತು. ನಾನು ಫೋನನ್ನು ಕೆಳಗಿಟ್ಟು ಅಂಗಳಕ್ಕೆ ಹೋದೆ. ಬಟ್ಟೆ ಒಣಗಿತ್ತು, ತೆಗೆದೆ. ಮತ್ತೆ ಬಂದು ಕೇಳಿದೆ. ಮತ್ತೆ ಅಲ್ಲೇ, ತಲೆ ತಗ್ಗಿಸಿ ಒಳಗೆ ಬಂದ ಹಾಗೆ.

ಮಾಸ್ಟ್ರ ಬಳಿ ನೇರವಾಗಿ ಕೇಳುವ ಧೈರ್ಯ ನನಗೆ ಬರಲಿಲ್ಲ. ಸುತ್ತಿ ಬಳಸಿ ಕೇಳಿದೆ. ಆ ಕ್ಲಾರಿನೆಟ್ ಹೇಗೆ ನುಡಿಸಿದಿರಿ? ಒಮ್ಮೆ ಅವರು, ಮೂಗಿನಲ್ಲಿ ಗಾಳಿ ಎಳೆದುಕೊಳ್ಳುತ್ತ ಕೆನ್ನೆಯಲ್ಲಿ ಇಟ್ಟುಕೊಂಡ ಗಾಳಿಯನ್ನು ಊದುವ ಕ್ರಮ ಉಂಟು, ನಾನು ಅದನ್ನು ಬೊಂಬಾಯಿಯಲ್ಲೇ ಕಲಿತದ್ದು ಎಂದರು. ಕೆನ್ನೆ ಉಬ್ಬಿಸಿ ತೋರಿಸಿದರು ಕೂಡ. ಇನ್ನೊಂದು ಸಲ, ಮೊದಲು ಒಂದು ನುಡಿಸಿ, ಅದರ ಮೇಲೆ ಇನ್ನೊಂದು ನುಡಿಸಿ ಕೂರಿಸಿದ್ದು, ಸ್ಟುಡಿಯೋದಲ್ಲಿ ಎಲ್ಲ ಆಗುತ್ತದೆ ಎಂದರು. ಎರಡೂ ಸಾಧ್ಯ. ಎರಡೂ ಒಟ್ಟಿಗೆ ನಿಜವಾಗಲಾರವು. ನಾನು ಅದನ್ನು ಹೇಳಿದಾಗ ಅವರು ನನ್ನನ್ನು ದಿಟ್ಟಿಸಿ, “ನೀನು ಮಾಸ್ಟರಿಣಿ ಅಲ್ವಾ, ಪರೀಕ್ಷೆ ತೆಗೆಯುವುದು ಬಿಡಲಿಕ್ಕಿಲ್ಲ” ಎಂದು ನಕ್ಕರು. ಈ ಸಲದ ನಗುವಿನಲ್ಲಿ ಕಣ್ಣು ಸೇರಿರಲಿಲ್ಲ ಎಂದು ಬರೆಯಲು ಕೈ ಹೋಗುತ್ತದೆ. ಅದು ಈಗ ನಾನು ಸೇರಿಸುತ್ತಿರುವುದೂ ಇರಬಹುದು.

ನನ್ನ ಸಾಕ್ಷ್ಯ ಗಟ್ಟಿ ಎಂದು ನಾನು ನಂಬಿಕೊಂಡಿದ್ದಾಗಲೇ ಅದು ಕುಸಿಯಿತು. ತಂಗಿಯ ಮಗಳೂ ಅವಳ ಗೆಳೆಯರೂ ಸೇರಿ ಮಣಿಪಾಲದಲ್ಲಿ ಒಂದು ಸಂಜೆ ಮಾಸ್ಟ್ರ ಕಚೇರಿ ಇಟ್ಟರು. ಸಣ್ಣ ಸಭಾಂಗಣ, ನೆಲದಲ್ಲಿ ಕುಳಿತ ಹುಡುಗ ಹುಡುಗಿಯರು. ಮಾಸ್ಟ್ರಿಗೆ ಆಗಲೇ ಎದೆಯ ತೊಂದರೆ ಶುರುವಾಗಿತ್ತು. ಸ್ಯಾಕ್ಸೋಫೋನ್ ಬೇಗ ಕೆಳಗಿಟ್ಟು ಕ್ಲಾರಿನೆಟ್ ಎತ್ತಿಕೊಂಡರು. ಉದ್ದ ಸ್ವರ ಬರಲಿಲ್ಲ. ನಾನು ಅದನ್ನೇ ಕಾಯುತ್ತಿದ್ದೆ. ತುಂಡು ತುಂಡಾಗಿ ನುಡಿಸಿದರು. ಪ್ರತಿ ತುಂಡಿನ ಆರಂಭದಲ್ಲೂ ಸ್ವರ ಕೂದಲೆಳೆಯಷ್ಟು ಕೆಳಗಿನಿಂದ ಬಂತು.

ಅಪ್ಪನದ್ದು ಎಂದು ನಾನು ಗುರುತು ಹಾಕಿ ಇಟ್ಟುಕೊಂಡಿದ್ದ ಆ ತಗ್ಗು ಅವರ ಬಾಯಲ್ಲಿತ್ತು. ಹಾಗಾದರೆ ಅದು ಮೊದಲಿನಿಂದ ಅವರದ್ದೇ ಏನೋ, ಅಪ್ಪ ಅವರಿಂದ ಕಲಿತದ್ದೇನೋ. ಅಥವಾ ಅಪ್ಪನದ್ದನ್ನು ಇವರು ಉಳಿಸಿಕೊಂಡರೋ. ಅಥವಾ ನಾನು ಅಲ್ಲಿ ಕುಳಿತದ್ದನ್ನು ಕಂಡು, ನನಗೋಸ್ಕರವೇ ಹಾಗೆ ನುಡಿಸಿದರೋ? ಕೊನೆಯದು ತೀರಾ ಹುಚ್ಚು ಯೋಚನೆ. ಆದರೆ ಮುಗಿದ ಮೇಲೆ ಹುಡುಗರ ಗುಂಪನ್ನು ಬಿಟ್ಟು ಅವರು ನೇರವಾಗಿ ನನ್ನ ಬಳಿ ಬಂದು, “ಕೇಳಿತಾ?” ಎಂದರು. ಏನು ಕೇಳಿತಾ ಎಂದು ಹೇಳಲಿಲ್ಲ.

ಕಡೆಯ ಸಲ ನೋಡಿದ್ದು ಆಸ್ಪತ್ರೆಯಲ್ಲಿ. ಮೂಗಿಗೆ ಆಮ್ಲಜನಕದ ಕೊಳವೆ ಇಟ್ಟಿದ್ದರು. ಮಾತಾಡಬಾರದು ಎಂದು ನರ್ಸು ಬೈಯುತ್ತಲೇ ಇದ್ದಳು, ಇವರು ಮಾತಾಡುತ್ತಲೇ ಇದ್ದರು. ಕೊಳವೆಯನ್ನು ಬೆರಳಿನಿಂದ ಮುಟ್ಟಿ, “ನೋಡು, ಈಗ ಇದು ಕೊಡುವುದು. ನನಗೆ ಯಾವಾಗಲೂ ಒಬ್ಬರು ಬೇಕೇ ಬೇಕು” ಎಂದರು. ತಮ್ಮನ ಮಗ ಅಲ್ಲೇ ಇದ್ದ. ಈಗ ಅವನನ್ನು ಕೇಳಿದರೆ, ಒಬ್ಬರು ಬೇಕು ಎಂದದ್ದು ರಾತ್ರಿ ಆಸ್ಪತ್ರೆಯಲ್ಲಿ ಮಲಗುವುದಕ್ಕೆ ಜನ ಬೇಕೆಂದು ಎನ್ನುತ್ತಾನೆ. ಅವನಿಗೆ ಹಾಗೆ ಕೇಳಿದೆ, ನನಗೆ ಹೀಗೆ ಕೇಳಿದೆ. ಇಬ್ಬರೂ ಒಂದೇ ಮಂಚದ ಪಕ್ಕದಲ್ಲಿದ್ದವರು.

ಉಳಿದದ್ದು ಮಾವ ಒಬ್ಬರೇ. ರೆಕಾರ್ಡಿನಲ್ಲಿ ಅವರ ಡೋಲು ಇಲ್ಲ, ಪರದೇಶದವರಿಗೆ ಅವರದ್ದೇ ಡ್ರಮ್ಮಿನವನಿದ್ದ. ಆದರೆ ಅವರು ಅಲ್ಲಿದ್ದರು. ಈಗ ಕಾರ್ಕಳದ ಪಕ್ಕ ಕುಕ್ಕುಂದೂರಿನಲ್ಲಿ ಇದ್ದಾರೆ. ಕಿವಿಗೆ ಮಿಷನ್ನು ಹಾಕಿಕೊಂಡಿದ್ದಾರೆ, ನೆನಪು ನನಗಿಂತ ಚೆನ್ನಾಗಿದೆ. ಪ್ರಿಂಟಿಗೆ ಹೋಗುವ ಮೊದಲು ಹೆಸರು ಹೇಳಬೇಕು ಎಂದು ತಮ್ಮನ ಮಗ ಮತ್ತೊಮ್ಮೆ ಫೋನು ಮಾಡಿದ ಮೇಲೆ ಹೋದೆ.

ಮಾವ ಜಗಲಿಯಲ್ಲಿ ಕುಳಿತಿದ್ದರು. ಅತ್ತೆ ಹಲಸಿನ ಬೀಜ ಸುಲಿಯುತ್ತಿದ್ದರು. ನಾನು ಫೋನನ್ನು ಮಾವನ ಕಿವಿಯ ಬಳಿ ಹಿಡಿದು ಎರಡನೆಯ ಬದಿ ಹಾಕಿದೆ. ಅವರ ಬೆರಳುಗಳು ಕುರ್ಚಿಯ ಕೈಯ ಮೇಲೆ ತಾಳ ಹಾಕತೊಡಗಿದವು, ಇಲ್ಲದ ತಾಳವನ್ನು ಬಲಿಯ ತಾಳಕ್ಕೆ ಕಟ್ಟುತ್ತ. ಕ್ಲಾರಿನೆಟ್ ಒಂಟಿಯಾದಾಗ ಬೆರಳು ನಿಂತಿತು. ಮುಗಿದ ಮೇಲೆ ಫೋನನ್ನು ನನ್ನ ಕಡೆಗೆ ಸರಿಸಿದರು.

“ಇಬ್ಬರು ಇದ್ದಾರೆ” ಎಂದರು.

“ಎರಡನೆಯವರು ಅಪ್ಪನಾ?”

“ಮತ್ತೆ ನಾನಾ? ನನಗೆ ಡೋಲು ಬಿಟ್ಟು ಎಂತ ಬರುತ್ತದೆ?”

ಅಷ್ಟು ಸುಲಭವಾಗಿ ಬಂದ ಉತ್ತರಕ್ಕೆ ನಾನು ಸಿದ್ಧಳಾಗಿರಲಿಲ್ಲ. ಸಂತೋಷವಾಗಬೇಕಿತ್ತು. ನಾನೇ ಹೆಸರು ಬಾಯಿಗೆ ಹಾಕಿದೆನಲ್ಲ, ಸಾಕ್ಷಿಗೆ ಉತ್ತರ ಹೇಳಿಕೊಟ್ಟ ಹಾಗಾಯಿತಲ್ಲ ಎಂಬ ಕಿರಿಕಿರಿಯೇ ಮೊದಲು ಬಂತು. ಆದರೂ ಕೇಳಿದೆ: “ಹಾಗಾದರೆ ಅದರಲ್ಲಿ ಅಪ್ಪನ ಹೆಸರು ಯಾಕಿಲ್ಲ ಮಾವ? ಮಾಸ್ಟ್ರು ಮೋಸ ಮಾಡಿದರಾ?”

ಮಾವ ಅತ್ತೆಯ ಮುಖ ನೋಡಿದರು. ಅತ್ತೆ ಬೀಜ ಸುಲಿಯುವುದನ್ನು ನಿಲ್ಲಿಸಲಿಲ್ಲ.

“ಹೇಳಿಬಿಡಿ. ಇನ್ನು ಯಾರಿಗೆ ಹೆದರುವುದು?” ಎಂದರು.

“ಎಂತ ಹೇಳುವುದು? ಆ ಸಲ ದೇವಸ್ಥಾನದಲ್ಲಿ ನಮ್ಮ ಪಾಳಿ ಇತ್ತು” ಎಂದರು ಮಾವ. “ಬಲಿಯೂ ಇತ್ತು. ಬಿಟ್ಟು ಹೋಗುವ ಹಾಗಿಲ್ಲ. ಬೊಂಬಾಯಿಯವರು ಆ ದಿನ ಬಿಟ್ಟರೆ ಆಗುವುದಿಲ್ಲ ಎಂದರು. ನಾವು ಮೂವರೂ ಕಾಮಾಲೆ ಎಂದು ಹೇಳಿ ಕಳುಹಿಸಿ ಬಸ್ಸು ಹತ್ತಿದೆವು.”

“ಮೂವರಿಗೂ ಒಂದೇ ಸಲ ಕಾಮಾಲೆ!” ಎಂದರು ಅತ್ತೆ. “ನೀನು ಶಾಲೆಗೆ ಹೋಗಿದ್ದಾಗ ದೇವಸ್ಥಾನದಿಂದ ಯಾರೋ ಪಾಪ ಕಾಮಾಲೆಯ ಮದ್ದು ತೆಗೆದುಕೊಂಡು ನಿಮ್ಮ ಮನೆಗೆ ಬಂದರು. ನಿನ್ನಮ್ಮ ಬಾಗಿಲಲ್ಲೇ ನಿಂತು, ಮಲಗಿದ್ದಾರೆ, ಹತ್ತಿರ ಹೋದರೆ ಅಂಟುತ್ತದೆ ಎಂದು ಹೇಳಿ ಮದ್ದು ತೆಗೆದುಕೊಂಡಳು. ಅವಳಿಗೆ ಅದು ಸಾಯುವವರೆಗೆ ಬೇಸರ.”

“ಸ್ವರ ಆ ವರ್ಷ ಕಡಿಯಿತಂತೆ” ಎಂದರು ಮಾವ. “ನಮ್ಮ ಬದಲಿಗೆ ಬಂದವರಿಗೆ ಉಸಿರು ಕೊಟ್ಟು ಅಭ್ಯಾಸ ಇರಲಿಲ್ಲ. ಭಟ್ಟರು ದೇವರನ್ನು ಹೊತ್ತುಕೊಂಡು ಅಂಗಳದ ನಡುವೆ ನಿಂತುಬಿಟ್ಟರಂತೆ.”

ದೇವರ ಅಂಗಳದಲ್ಲಿ ಸ್ವರ ಕಡಿದ ದಿನವೇ ಬೊಂಬಾಯಿಯ ಒಂದು ಕೋಣೆಯಲ್ಲಿ ಇಬ್ಬರು ಅದೇ ಸ್ವರವನ್ನು ಕಡಿಯದ ಹಾಗೆ ಹಿಡಿದಿದ್ದರು. ಮಾಸ್ಟ್ರು ಹಿಂದೆ ಬರಲೇ ಇಲ್ಲ. ಅಪ್ಪ ಬಂದರು, ಬಂದು ಸೋಡಾ ಮಾರಿದರು. ರೆಕಾರ್ಡಿನಲ್ಲಿ ಅಪ್ಪನ ಹೆಸರು ಅಚ್ಚಾಗಿದ್ದರೆ ಅವರ ಕಾಮಾಲೆ ಸುಳ್ಳೆಂದು ಊರಿಗೆ ತಿಳಿಯುತ್ತಿತ್ತು. ಹಾಗಾಗಿ ಅಪ್ಪನೇ ಬೇಡವೆಂದು ಹೇಳಿರಬಹುದು. ಮಾಸ್ಟ್ರು ಆ ಮಾತನ್ನು ಕೊನೆಯವರೆಗೆ ಉಳಿಸಿಕೊಂಡಿರಬಹುದು. ನಾನು ಕಳ್ಳನೆಂದುಕೊಂಡವರು ಕಾವಲು ಕಾದವರಿರಬಹುದು. ಹಾಗಿದ್ದರೆ ಈಗ ನಾನು ಹೆಸರು ಹಾಕಿಸಿದರೆ ಅದು ಅಪ್ಪನ ಮಾತಿಗೆ ವಿರುದ್ಧ. ಅಥವಾ ಯಾರೂ ಯಾವ ಮಾತೂ ಆಡಲಿಲ್ಲ, ಮಾಸ್ಟ್ರಿಗೆ ‘ಮತ್ತು ಬಳಗ’ದ ರೂಢಿಯೇ ಸಾಕಾಯಿತು, ಅಪ್ಪ ಕಾಮಾಲೆಯ ಹೆದರಿಕೆಯಲ್ಲಿ ಬಾಯಿ ಮುಚ್ಚಿಕೊಂಡರು ಎಂದೂ ಇರಬಹುದು. ಹಾಗಿದ್ದರೆ ಹೆಸರು ಹಾಕಿಸದಿದ್ದರೆ ಎರಡನೆಯ ಸಲ ಕಿತ್ತುಕೊಂಡ ಹಾಗೆ. ಈ ಎರಡರ ನಡುವೆ ಇದ್ದದ್ದನ್ನು ಕಂಡವರು ಭೂಮಿಯ ಮೇಲೆ ಒಬ್ಬರೇ, ನನ್ನೆದುರು ಕುರ್ಚಿಯಲ್ಲಿ ಕುಳಿತಿದ್ದರು.

“ಮಾವ,” ಎಂದೆ, “ಹೆಸರು ಬೇಡ ಎಂದು ಅಪ್ಪನೇ ಹೇಳಿದ್ದಾ? ಇಲ್ಲ, ಬೇಕಾ ಎಂದು ಅಪ್ಪನನ್ನು ಯಾರೂ ಕೇಳಲೇ ಇಲ್ಲವಾ?”

ಮಾವ ಕಿವಿಯ ಮಿಷನ್ನನ್ನು ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡರು. ಅತ್ತೆ ಒಮ್ಮೆ, ನಾನು ಒಮ್ಮೆ ಅವರ ಹೆಗಲು ಮುಟ್ಟಿದೆವು. ಅವರು ರಸ್ತೆಯಲ್ಲಿ ಹೋಗುವ ಬಸ್ಸನ್ನು ನೋಡಿ, ನಿನಗೆ ಉಡುಪಿಗೆ ಇದೇ ನೇರ ಬಸ್ಸು, ಕೈ ತೋರಿಸಿದರೆ ನಿಲ್ಲಿಸುತ್ತಾರೆ ಎಂದರು.

ಮಾಸ್ಟ್ರ ತಮ್ಮನ ಮಗನ ಬಳಿ ಇನ್ನೂ ಸ್ವಲ್ಪ ಸಮಯ ಕೇಳಿದ್ದೇನೆ. ಕುಕ್ಕುಂದೂರಿಗೆ ಫೋನು ಮಾಡಿದಾಗೆಲ್ಲ ಅತ್ತೆಯೇ ಎತ್ತುತ್ತಾರೆ. “ಅವರು ಇಲ್ಲೇ ಇದ್ದಾರೆ. ನೀನು ಕೇಳಿದ್ದು ಅವರಿಗೆ ಕೇಳಿದೆ” ಎನ್ನುತ್ತಾರೆ.